ಟಪಾಲು ಮಾದಯ್ಯನೂ ಸಿದ್ದಮ್ಮನೂ ತಿರುಗಾಡಿದ್ದು

ಹುಣಸೂರಿನಲ್ಲಿ ಆ ಕಾಲಕ್ಕೆ ಕೆಲಸವಿಲ್ಲದೆ ಬೀದಿಯಲ್ಲಿ ನಡೆಯುವವರು ಇಬ್ಬರೇ ಇದ್ದರು. ಒಂದು, ದೇವರ ಹೆಸರಿನಲ್ಲಿ ಬಿಟ್ಟ ಬಸವ, ಇನ್ನೊಬ್ಬರು ಅಮಲ್ದಾರರು. ಬಸವನನ್ನು ಕೇಳುವವರಿಲ್ಲ. ಅಮಲ್ದಾರರಿಗೆ ನಡೆಯಲು ಡಾಕ್ಟರು ಹೇಳಿದ್ದರು, ಕೈಯಲ್ಲಿ ಬೆತ್ತವಿರುತ್ತಿತ್ತು, ಹಿಂದೆ ಜವಾನನಿರುತ್ತಿದ್ದ, ಹಾಗಾಗಿ ಅದೂ ಸರ್ಕಾರಿ ಕೆಲಸವೇ ಇರಬೇಕೆಂದು ಜನ ಸುಮ್ಮನಾಗಿದ್ದರು. ಇವರ ಸಾಲಿಗೆ ಟಪಾಲು ಮಾದಯ್ಯನೂ ಅವನ ಹೆಂಡತಿ ಚಿಕ್ಕಸಿದ್ದಮ್ಮನೂ ಸೇರಿಕೊಂಡಾಗ ಮಾತ್ರ ಬೀದಿಗೆ ಬೀದಿಯೇ ಜಗುಲಿಗೆ ಬಂದು ನಿಂತಿತು. ಗಂಡ ಹೆಂಡತಿ ಹಗಲು ಮೂರು ಗಂಟೆಗೆ ಬಾಗಿಲು ದಾಟಿ, ಸಂತೆಗಲ್ಲ, ನೆಂಟರ ಮನೆಗಲ್ಲ, ಹೊಲಕ್ಕಲ್ಲ, ಸುಮ್ಮನೆ ನಡೆದು ಸುಮ್ಮನೆ ಹಿಂದಕ್ಕೆ ಬರುವುದೆಂದರೇನು?

ಕೇಳೋಣವೆಂದರೆ ಕೇಳುವಂತಿಲ್ಲ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಒಂದು ಗಳಿಗೆ ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಎದುರು ಮನೆಯ ಮಲ್ಲಾಜಮ್ಮನಿಗೆ ಈ ಶಾಸ್ತ್ರ ಗಂಟಲಿಗೆ ಸಿಕ್ಕಿದ ಕಡುಬಾಗಿತ್ತು.

"ದೂರ ಒಂಟ್ರಾ ಸಿದ್ದವ್ವ?" ಎನ್ನುತ್ತಿದ್ದಳು ಅವಳು, ಬಳಸಿಕೊಂಡು.

"ಇಲ್ಲ ಕಣವ್ವ, ಇಲ್ಲೇ."

"ಇಲ್ಲೇ ಅಂದ್ರೆ ಎಷ್ಟು ದೂರ?"

"ಇಲ್ಲೇ ಅಂದ್ರೆ ಇಲ್ಲೇ ಕಣವ್ವ."

ಸಿದ್ದಮ್ಮನಿಗೂ ನಾಚಿಕೆಯೇ. ಕೈ ಬೀಸಿಕೊಂಡು ಹೋಗುವುದು ಸರಿ ಕಾಣದೆಂದು ಒಂದು ಬಿದಿರಿನ ಮಂಕರಿ ಹಿಡಿದುಕೊಂಡು ಹೊರಟಳು. ಖಾಲಿ ಮಂಕರಿ ಹೋಗಿ ಖಾಲಿ ಮಂಕರಿ ಬಂದದ್ದನ್ನು ಮಲ್ಲಾಜಮ್ಮ ನೋಡಿ ಇನ್ನಷ್ಟು ಕಂಗಾಲಾದಳು. ಆಮೇಲೆ ಸಿದ್ದಮ್ಮ ಬರುವ ದಾರಿಯಲ್ಲಿ ಬೇಲಿ ಸಾಲಿನಿಂದ ಒಂದಿಷ್ಟು ಅಣ್ಣೆಸೊಪ್ಪು ಕಿತ್ತು ತುಂಬಿಕೊಂಡು ಬರತೊಡಗಿದಳು. ಮನೆಯಲ್ಲಿ ಸೊಸೆ ಹದಿನೈದು ದಿನ ಬಿಡದೆ ಸೊಪ್ಪಿನ ಸಾರು ಮಾಡಿದಳು, ಮಗ ಹದಿನೈದು ದಿನ ಬಿಡದೆ ಉಂಡ, ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಒಳ್ಳೆಯ ಮಕ್ಕಳು.

ಮಾದಯ್ಯ ಇಪ್ಪತ್ತೆಂಟು ವರ್ಷ ಟಪಾಲು ಹೊತ್ತು ಓಡಿದವನು. ಹುಣಸೂರಿನಿಂದ ಹೆಗ್ಗಡದೇವನಕೋಟೆ ಕಡೆಗೆ ಹೋಗುವ ಕಾಗದ ಪತ್ರವೆಲ್ಲ ಒಂದು ಚೀಲದಲ್ಲಿ ಅವನ ಹೆಗಲೇರುತ್ತಿತ್ತು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಮೂರನೇ ಮೈಲಿಯ ಬಸರಿ ಮರದ ತನಕ ಅವನ ಗಡಿ. ಅಲ್ಲಿಗೆ ಆ ಕಡೆಯಿಂದ ಇನ್ನೊಬ್ಬ ಓಟದವನು ಬರುತ್ತಿದ್ದ. ಇವನ ಚೀಲ ಅವನಿಗೆ, ಅವನ ಚೀಲ ಇವನಿಗೆ, ಒಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು, ಆಮೇಲೆ ಇಬ್ಬರೂ ಬೆನ್ನು ತಿರುಗಿಸಿ ಬಂದ ದಾರಿಗೆ. ದಿನಕ್ಕೆ ಎರಡು ಸಲ ಹೀಗೆ. ಕೋಟೆ ದಾರಿಗೆ ಮೋಟಾರು ಬಂದ ವರ್ಷ ಚೀಲ ಮೋಟಾರು ಹತ್ತಿತು, ಮಾದಯ್ಯ ಮನೆಯಲ್ಲಿ ಕೂತ. ಕೂತ ಎಂದರೆ ಸುಳ್ಳು. ಎರಡು ದಿನ ಕೂತು, ಮೂರನೇ ದಿನ ಮೂರು ಗಂಟೆಗೆ ಸರಿಯಾಗಿ ಎದ್ದು ನಡೆದ.

ಅವನ ಜೊತೆ ತಾನೂ ಹೊರಟದ್ದಕ್ಕೆ ಸಿದ್ದಮ್ಮನಿಗೆ ತನ್ನದೇ ಒಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಕಾರ್ತೀಕದಲ್ಲಿ, ಅವರ ಹಿರಿಯ ಮಗು ಚೆಲುವಿ ಜ್ವರ ಬಂದು ತೀರಿಹೋಯಿತು. ಮೂರು ವರ್ಷದ್ದು. ಸಂಜೆ ಮಣ್ಣು ಮಾಡಿ ಬಂದರು. ಬೆಳಿಗ್ಗೆ ಸಿದ್ದಮ್ಮ ಕಣ್ಣು ಬಿಟ್ಟಾಗ ಗಂಡ ಸೊಂಟಕ್ಕೆ ಪಟ್ಟಿ ಬಿಗಿದು, ಚೀಲ ತರಲು ಹೊರಟು ನಿಂತಿದ್ದ. ಗೆಜ್ಜೆಯ ಸದ್ದು ಬೀದಿಯ ತುದಿಯವರೆಗೂ ಕೇಳಿತು. ಅವತ್ತು ಅವನು ಮಗುವಿನ ಹೆಸರೆತ್ತಲಿಲ್ಲ. ಆಮೇಲೆ ಮಗ ಹುಟ್ಟಿದ, ಬೆಳೆದ, ಮದುವೆಯಾದ, ಆಗಲೂ ಎತ್ತಲಿಲ್ಲ. ಸಿದ್ದಮ್ಮ ಅತ್ತಳು, ಜಗಳವಾಡಿದಳು, ಒಂದು ವರ್ಷ ಬರೀ ತಟ್ಟೆ ಕುಕ್ಕಿ ಮಾತಾಡಿದಳು. ಅವನು ಊಟ ಮಾಡಿ, ಮಲಗಿ, ಎದ್ದು ಓಡಿದ. ಇವನಿಗೆ ಎದೆಯಲ್ಲಿ ಏನೂ ಇಲ್ಲವೋ, ಇದ್ದರೂ ನನಗೆ ಹೇಳುವಷ್ಟು ನಾನು ಬೇಕಾದವಳಲ್ಲವೋ, ಅದೊಂದು ಅವಳಿಗೆ ತಿಳಿಯಬೇಕಿತ್ತು. ಈಗ ಹೆಗಲ ಮೇಲೆ ಚೀಲವಿಲ್ಲ, ಪಕ್ಕದಲ್ಲಿ ನಡೆದರೆ ಒಂದು ದಿನವಾದರೂ ಬಾಯಿ ಬಿಟ್ಟಾನೆಂದು ಮಂಡಿ ನೋವು ಕಟ್ಟಿಕೊಂಡೇ ಹೊರಟಿದ್ದಳು.

ಪಕ್ಕದಲ್ಲಿ ನಡೆಯುವುದು ದೂರದ ಮಾತಾಯಿತು. ಓಡಿದ ಕಾಲು ನಡೆಯಲು ಕಲಿತಿರಲಿಲ್ಲ. ಸಿದ್ದಮ್ಮ ಊರಾಚೆಯ ಸೇತುವೆ ದಾಟುವಷ್ಟರಲ್ಲಿ ಅವನು ಕಣ್ಣಿಗೆ ಕಾಣದಷ್ಟು ಮುಂದೆ. ಮೊದಲ ದಿನ ಅವಳು ಏದುಸಿರು ಬಿಡುತ್ತಾ ಬಸರಿ ಮರ ಮುಟ್ಟಿದಾಗ ಮಾದಯ್ಯ ಕಾದು ನಿಂತಿದ್ದ. ಅವಳ ಕೈಯಿಂದ ಮಂಕರಿ ಇಸಿದುಕೊಂಡ, ತನ್ನ ಕೊಡೆಯನ್ನು ಅವಳ ಕೈಗಿತ್ತ, ತಿರುಗಿ ಊರ ದಾರಿ ಹಿಡಿದೇ ಬಿಟ್ಟ. ಸಿದ್ದಮ್ಮ ಕೊಡೆ ಹಿಡಿದುಕೊಂಡು ಮರದ ಬುಡದಲ್ಲಿ ಒಬ್ಬಳೇ ನಿಂತಳು.

"ಅಲ್ರೀ, ನಾನೇನು ಕೋಟೆಗೆ ಓಗೋ ಚೀಲವಾ?" ಎಂದು ಕೂಗಿದಳು.

ಅರ್ಧ ಫರ್ಲಾಂಗು ಹೋಗಿದ್ದವನು ನಿಂತು, ತಲೆ ಕೆರೆದುಕೊಂಡು, "ಮರೆತೋಯ್ತು ಕಣೆ" ಎಂದ.

ದಿನವೂ ಮರೆತುಹೋಯಿತು. ಆದರೆ ಸಿದ್ದಮ್ಮನ ಕಣ್ಣಿಗೆ ಇನ್ನೊಂದು ಬಿತ್ತು. ಅವಳು ಮರ ಮುಟ್ಟುವ ಮೊದಲು ಅವನು ಅಲ್ಲಿ ನಿಂತು ನೋಡುತ್ತಿದ್ದದ್ದು ಅವಳು ಬರುವ ದಾರಿಯನ್ನಲ್ಲ. ಕೋಟೆಯ ಕಡೆಗೆ ಮುಖ ಮಾಡಿ, ಹುಬ್ಬಿಗೆ ಕೈ ಅಡ್ಡ ಇಟ್ಟು ನೋಡುತ್ತಿರುತ್ತಿದ್ದ. ಯಾರಾದರೂ ಬರುವುದು ಕಂಡರೆ ಕುತ್ತಿಗೆ ಉದ್ದ ಮಾಡುತ್ತಿದ್ದ. ಅದು ಹುಲ್ಲಿನ ಹೊರೆಯವಳೋ ಕುರಿಯವನೋ ಆದರೆ ಕೈ ಇಳಿಸುತ್ತಿದ್ದ.

ಒಂದು ತಿಂಗಳಾದ ಮೇಲೆ ಒಂದು ಮಂಗಳವಾರ ಅವನು ಎಂದಿನಂತೆ ಮಂಕರಿಗೆ ಕೈ ಚಾಚಿದ. ಸಿದ್ದಮ್ಮ ಕೊಡಲಿಲ್ಲ. ಮಂಕರಿ ಕಂಕುಳಿಗೆ ಸೇರಿಸಿಕೊಂಡು ಮರ ದಾಟಿ ಮುಂದಕ್ಕೆ ನಡೆದಳು.

"ಏ, ಎಲ್ಲಿಗೆ?" ಎಂದ ಮಾದಯ್ಯ.

"ಎಲ್ಲಿಗೆ ಅಂದ್ಬುಟ್ರಲ್ಲ! ಕೆಟ್ಟೋಯ್ತು ಬುಡಿ." ಅವಳು ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು, ಸೋರೆ ಬುರುಡೆಯಿಂದ ಎರಡು ಗುಟುಕು ನೀರು ಕುಡಿದು, ಬಾಯಿ ಒರೆಸಿಕೊಂಡು, ಶಾಸ್ತ್ರ ಮುಗಿಸಿ ಮತ್ತೆ ಹೊರಟಳು.

"ಆ ಕಡೆ ನಮ್ಮದಲ್ಲ ಕಣೆ. ನಿಂಗಯ್ಯನ ಗಡಿ."

"ಯಾವ ನಿಂಗಯ್ಯ?"

"ನಿಂಗಯ್ಯ ಕಣೆ. ಚೀಲದ ನಿಂಗಯ್ಯ."

ಇಷ್ಟು ವರ್ಷದಲ್ಲಿ ಆ ಹೆಸರು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಮರದಿಂದ ಒಂದೂವರೆ ಮೈಲಿ ಆಚೆ, ಹೊಂಗೆಕೊಪ್ಪಲಿನವನಂತೆ. ಚೀಲ ಮೋಟಾರು ಹತ್ತಿದ ಮೇಲೆ ಒಂದು ದಿನವೂ ಕಂಡಿಲ್ಲವಂತೆ.

"ಓಗಿ ನೋಡ್ಬೋದಿತ್ತಲ್ಲ?"

ಮಾದಯ್ಯ ಕೊಡೆಯ ತುದಿಯಿಂದ ಮಣ್ಣು ಕೆದಕಿದ. "ಓಗಿ, ಅವ್ನು ಇಲ್ಲ ಅಂದ್ಬುಟ್ರೆ?"

ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದು ವರ್ಷಗಳಾಗಿದ್ದವು. ಸಿದ್ದಮ್ಮನಿಗೆ ಸಂಕಟವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಸುಳ್ಳೇಕೆ, ಹೊಟ್ಟೆಕಿಚ್ಚೇ ಒಂದು ಹಿಡಿ ಹೆಚ್ಚಾಯಿತು.

"ಇದ್ರೆ?" ಎಂದು ಕೇಳಿ ನಡೆದಳು.

ಮಾದಯ್ಯ ನೆಲ ನೋಡಿಕೊಂಡು, ಪರರ ತೋಟಕ್ಕೆ ಕಾಲಿಡುವವನ ಹಾಗೆ ಮರ ದಾಟಿದ. ಇಪ್ಪತ್ತೆಂಟು ವರ್ಷ ಕೋಟೆ ದಾರಿಯಲ್ಲಿ ಓಡಿದವನಿಗೆ ಮರದಾಚೆಯ ಮೊದಲ ತಿರುವು ಎಡಕ್ಕೋ ಬಲಕ್ಕೋ ಗೊತ್ತಿರಲಿಲ್ಲ. ದಾರಿ ಕೇಳಿದವಳು, ಮುಂದೆ ನಡೆದವಳು ಸಿದ್ದಮ್ಮ. ಅವನು ಅವಳ ಹಿಂದೆ ಹಿಂದೆ, ಅವಳ ಮಂಡಿ ಎಷ್ಟು ಬೇಗ ಬಗ್ಗುತ್ತದೋ ಅಷ್ಟೇ ಬೇಗ ಬಂದ.

ನಿಂಗಯ್ಯ ಇದ್ದ. ಜಗುಲಿಯ ಮೇಲೆ ಒಂದು ಕಾಲು ನೀಡಿಕೊಂಡು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಕಾಲಿಗೆ ಮುಳ್ಳು ಹೊಕ್ಕು ಕೀವಾಗಿ, ಒಂದು ತಿಂಗಳಿಂದ ಹಟ್ಟಿ ಬಾಗಿಲು ದಾಟಿರಲಿಲ್ಲ. ಬಂದವರನ್ನು ಕಂಡು ಹಗ್ಗ ಕೆಳಗಿಟ್ಟ.

"ಏನ್ಲಾ ಮಾದ, ಗಡಿ ದಾಟ್ಬುಟ್ಟೆ!" ಎಂದು ಗದರಿದ. ಗದರುತ್ತಲೇ ಪಕ್ಕಕ್ಕೆ ಸರಿದು ಜಗುಲಿಯಲ್ಲಿ ಜಾಗ ಮಾಡಿದ.

"ಇವಳು ದಾಟಿಸಿದ್ಲು," ಎಂದ ಮಾದಯ್ಯ.

ನಿಂಗಯ್ಯ ಅವಳ ಕಡೆ ತಿರುಗಿದ. ಮುಖವೆಲ್ಲ ಅರಳಿತು. "ಸಿದ್ದವ್ವ ಅಲ್ವಾ? ಬಾರವ್ವ ತಾಯಿ. ಬಲಗಾಲಿನ ಮಂಡಿ ಎಂಗದೆ? ಎಕ್ಕದ ಎಲೆ ಕಾಯ್ಸಿ ಕಟ್ಟು ಅಂತ ಯೋಳಿ ಕಳಿಸಿದ್ದೆ, ಕಟ್ಟಿದ್ಯಾ?"

ಸಿದ್ದಮ್ಮ ನಿಂತಲ್ಲೇ ನಿಂತಳು. ಎಕ್ಕದ ಎಲೆ ಕಟ್ಟು ಎಂದು ಗಂಡ ಹೇಳಿದ್ದು ನಿಜ. ಅವನಿಗೆಲ್ಲಿಂದ ಈ ಬುದ್ಧಿ ಬಂತೆಂದು ಆವತ್ತು ಬೆರಗಾಗಿದ್ದಳು.

ಅಲ್ಲಿಂದ ಶುರುವಾಯಿತು. ಅವಳು ಗೌಡರ ಮೇಕೆಯನ್ನು ಒನಕೆ ಹಿಡಿದು ಮೂರು ಬೀದಿ ಅಟ್ಟಿದ್ದು ನಿಂಗಯ್ಯನಿಗೆ ಗೊತ್ತಿತ್ತು. ಅವಳು ನಿದ್ದೆಯಲ್ಲಿ ಅತ್ತೆಯನ್ನು ಬೈಯುವುದು ಗೊತ್ತಿತ್ತು. ಹಸಿರು ಬಳೆ ಇಷ್ಟ, ಕೆಂಪು ಬಳೆ ಕಂಡರಾಗದು ಎಂಬುದೂ ಗೊತ್ತಿತ್ತು. ಒಳಗಿನಿಂದ ನಿಂಗಯ್ಯನ ಹೆಂಡತಿ ರಾಚಮ್ಮ ಮಜ್ಜಿಗೆ ಹಿಡಿದು ಬಂದವಳು, "ನಿಮ್ಮ ಉಪ್ಸಾರಿನ ಖಾರ ನಮ್ಮನೇಲಿ ಹತ್ತು ವರ್ಷದಿಂದ ಮಾಡ್ತೀವಿ ಕಣವ್ವ. ಇವ್ರು ಮರದತ್ರ ಕೇಳ್ಕಂಡು ಬಂದು ಯೋಳ್ದಂಗೆ. ಆದ್ರೂ ಅದೇನೋ ಒಂದು ಕಮ್ಮಿ" ಎಂದಳು.

"ಬೆಳ್ಳುಳ್ಳಿ ಸುಟ್ಟು ಹಾಕ್ತೀರಾ?"

"ಸುಡ್ಬೇಕಾ? ಅದನ್ನ ಯೋಳೇ ಇಲ್ವಲ್ಲ!"

ಸ್ಟಾಂಪು ಹಚ್ಚದೆ ಸಿದ್ದಮ್ಮನ ಇಡೀ ಸಂಸಾರ ಕೋಟೆ ದಾರಿಯಲ್ಲಿ ಓಡಾಡಿತ್ತು. ಮನೆಯಲ್ಲಿ ಹತ್ತು ಮಾತಿಗೆ ಒಂದು 'ಊಂ' ಎನ್ನುತ್ತಿದ್ದವನು ದಿನಕ್ಕೆ ಎರಡು ಸಲ ಅವಳನ್ನು ಇಲ್ಲಿಗೆ ರವಾನಿಸಿದ್ದ. ಮಾದಯ್ಯ ಮಜ್ಜಿಗೆಯ ಲೋಟದೊಳಗೆ ಮುಖ ಬಚ್ಚಿಟ್ಟುಕೊಂಡು ಕುಡಿದದ್ದನ್ನೇ ಕುಡಿಯುತ್ತಿದ್ದ. ಆಮೇಲೆ ಕಾಲು ತೊಳೆಯುವ ನೆಪ ಹೇಳಿ ಬಾವಿಯ ಕಡೆ ಎದ್ದುಹೋದ.

ಅವನು ಮರೆಯಾದದ್ದೇ ಸಿದ್ದಮ್ಮ ಕೇಳಿಬಿಟ್ಟಳು. "ಅಣ್ಣ, ನಮ್ಮ ಚೆಲುವಿ ಓದಾಗ ಇವ್ರು ನಿನ್ ತಾವ ಏನಾರ ಅಂದ್ರಾ?"

ನಿಂಗಯ್ಯ ಹಗ್ಗ ಕೈಗೆತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಅವತ್ತು ಹೊತ್ತಿಗೆ ಸರಿಯಾಗೇ ಬಂದ ಕಣವ್ವ. ಚೀಲ ಕೊಡ್ಲಾ ಅಂದೆ, ಕೊಡ್ಲಿಲ್ಲ. ಮರದ ಬುಡದಾಗೆ ಕುಂತ. ಚೀಲ ತೊಡೆ ಮೇಲೆ ಇಟ್ಕಂಡು, ತಬ್ಕಂಡು ಅತ್ತ. ನಾನು ಅಂಥ ಅಳು ಇನ್ನೊಂದು ಕಂಡಿಲ್ಲ. ಎರಡು ಗಂಟೆ ಹೊತ್ತು ಚೀಲ ಬುಡ್ನೇ ಇಲ್ಲ. ಸಿದ್ದಿಗೆ ಯೋಳ್ಬೇಡ ಅಂದ. ಅವಳ ಮುಂದೆ ನಾನು ಕುಂತು ಅತ್ರೆ ಅವಳು ಉಳಿಯಾಕಿಲ್ಲ ಅಂದ."

"ಟಪಾಲು ತಡ ಆದ್ದಕ್ಕೆ ಸಾಹೇಬ್ರು ಕೇಳ್ಲಿಲ್ವಾ?" ಎಂದಳು ರಾಚಮ್ಮ. ಅವಳಿಗೂ ಈ ಕತೆ ಹೊಸದು.

"ಕೇಳ್ದೇ ಬುಟ್ಟಾರಾ? ಇಬ್ರಿಗೂ ಮೆಮೋ ಬಂತು. ಆನೆ ದಾರಿಗೆ ಅಡ್ಡ ನಿಂತಿತ್ತು ಅಂತ ಇಬ್ರೂ ಹೆಬ್ಬೆಟ್ಟು ಒತ್ತಿದ್ವು. ಕೋಟೆ ದಾರಿ ತಾನೆ, ನಂಬಿದ್ರು."

ಸಿದ್ದಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ! ಎಷ್ಟು ತಟ್ಟೆ ಕುಕ್ಕಿದ್ದಳು! ಅವಳು ಉಳಿಯಲಿ ಎಂದು ಈ ಮಹಾರಾಯ ಬಾಯಿ ಹೊಲಿದುಕೊಂಡು, ಆ ಮೌನದಿಂದಲೇ ಅವಳನ್ನು ಅರ್ಧ ಕೊಂದಿದ್ದ. ಸಿಟ್ಟಿನ ಹಿಂದೆಯೇ ಬೇರೊಂದು ಬಂತು, ಎದೆ ಹಗುರಾಯಿತು, ಕಣ್ಣು ತುಂಬಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಎಷ್ಟು ಹೊತ್ತು ಸುಡಬೇಕೆಂದು ರಾಚಮ್ಮನಿಗೆ ಹೇಳಿಕೊಟ್ಟಳು.

ಹೊರಟಾಗ ಹೊತ್ತು ಇಳಿಯುತ್ತಿತ್ತು. ಮುಂದಿನ ಮಂಗಳವಾರ ಬರುತ್ತೇವೆಂದು ಮಾದಯ್ಯನ ಪರವಾಗಿಯೂ ಅವಳೇ ಮಾತು ಕೊಟ್ಟಳು. ದಾರಿಯಲ್ಲಿ ಅರ್ಧ ಮೈಲಿ ನಡೆದರು. ಆಮೇಲೆ ಸಿದ್ದಮ್ಮ, ಮುಂದೆ ನೋಡಿಕೊಂಡೇ ಕೇಳಿದಳು.

"ಆನೆ ಬಂದಿತ್ತಂತೆ?"

ಮಾದಯ್ಯನ ಹೆಜ್ಜೆ ತಪ್ಪಿತು. "ಊಂ" ಎಂದ.

"ಎಷ್ಟು ಹೊತ್ತು ನಿಂತಿತ್ತು?"

"ಇನ್ನೂ ಓಗಿಲ್ಲ ಕಣೆ ಸಿದ್ದಿ."

ಅವಳು ದಾರಿ ಬದಿಯ ದಿಣ್ಣೆಯ ಮೇಲೆ ಕೂತಳು. ಅವನು ನಿಂತೇ ಇದ್ದ. ಅವಳು ಪಕ್ಕದ ಜಾಗವನ್ನು ಕೈಯಿಂದ ಸವರಿ ತೋರಿಸಿದಳು, ಅವನೂ ಕೂತ. ಹುರುಳಿ ಹೊಲದ ಮೇಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು.

"ಬೆಳಿಗ್ಗೆ ನಾನು ಒಂಟಾಗ ಬೀದಿ ತುದಿಗಂಟ ಓಡ್ಬರೋಳು," ಎಂದ ಮಾದಯ್ಯ. "ಪುಟ್ಟದೊಂದು ಕಡ್ಡಿ ಹೆಗಲ ಮೇಲೆ ಇಟ್ಕಂಡು. ನೀನು ಒಲೆ ಮುಂದೆ ಇರ್ತಿದ್ದೆ, ನೋಡಿಲ್ಲ. ಅಲ್ಲಿ ನಿಂತು, ಅಪ್ಪಾ ನನ್ ಚೀಲ ತಕಾ ಅನ್ನೋಳು. ಬರೀ ಕೈ ಚಾಚೋಳು. ನಾನು ತಕೊಂಡು ಅಂಗಿ ಒಳಿಕ್ಕೆ ಹಾಕ್ಕಂಡಂಗೆ ಮಾಡ್ತಿದ್ದೆ."

ಸಿದ್ದಮ್ಮನಿಗೆ ಇದು ಗೊತ್ತಿರಲಿಲ್ಲ. ಮಗು ಹೋಗಿ ಇಷ್ಟು ವರ್ಷವಾದ ಮೇಲೆ ಅದರದೊಂದು ಹೊಸ ಸುದ್ದಿ ಅವಳ ಪಾಲಿಗೆ ಬಂದಿತ್ತು. ಅವಳು ಅಳುತ್ತಾ ನಕ್ಕಳು.

"ಇನ್ನೂ ಯೋಳಿ," ಎಂದಳು.

ಮಾದಯ್ಯ ಕೊಡೆಯನ್ನು ಪಕ್ಕಕ್ಕಿಟ್ಟು, ಇನ್ನೂ ಹೇಳಿದ.