ಅವ್ವನ ಧೂಪ, ನನ್ನ ಕಲ್ಲಿದ್ದಲು

ನಮ್ಮ ಮನೆಯಲ್ಲಿ ನನಗೆ ‘ಕಲ್ಲು ಓದಿದಾಕಿ’ ಎಂದೇ ಹೆಸರು. ಪುಣೆಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದೆ; ಕಲ್ಲಿಗೆ ಎರಡು ವರ್ಷ ಯಾಕೆ ಬೇಕಾಯಿತೆಂದು ಅಪ್ಪನಿಗೆ ಇನ್ನೂ ತಿಳಿದಿಲ್ಲ. ಅವರು ಪುಣೆಯ ಹೊರಗೆ, ಭೋರ್ ಊರಿನ ರಸ್ತೆಯ ಬದಿಗೆ ಮನೆ ಕಟ್ಟಿಸಿದ್ದರು. ನೀರು ಮಾತ್ರ ಇರಲಿಲ್ಲ. ಟ್ಯಾಂಕರಿಗೆ ಕಾದು, ಕೊಡ ಹೊತ್ತು, ಅವ್ವನ ಸೊಂಟ ಬಿದ್ದುಹೋಗಿತ್ತು. ಕೊನೆಗೆ ಬೋರ್ ಕೊರೆಯುವ ಗಾಡಿ ಬಂತು.

ನನ್ನ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ದಿನ ಸಿಕ್ಕೀತೆ? ಮೇಲೆ ಬಂದ ಪುಡಿಯನ್ನು ಹತ್ತಡಿಗೊಂದು ಗುಡ್ಡೆ ಮಾಡಿ, ಸುತ್ತ ದಾರ ಕಟ್ಟಿ, “ಇಲ್ಲಿ ಯಾರೂ ತುಳೀಬ್ಯಾಡ್ರಿ” ಎಂದು ಅಪ್ಪಣೆ ಹೊರಡಿಸಿದೆ. ಇನ್ನೂರು ಅಡಿಯಾದರೂ ಬರೀ ಧೂಳು. ನೀರು ಬರಲೆಂದು ಅವ್ವ ಗಂಗವ್ವ ದೇವಿಗೆ ಇನ್ನೊಮ್ಮೆ ಧೂಪ ಹಾಕಿದಳು. ನಾನು ಚಹಾ ಕುಡಿಯಲು ಒಳಗೆ ಹೋದೆ.

ಬಂದು ನೋಡಿದರೆ ಕಡೆಯ ಗುಡ್ಡೆಯಲ್ಲಿ ಕರ್ರಗಿನ ತುಂಡುಗಳು! ಕಲ್ಲಿದ್ದಲು ಆಗುವುದು ಜವುಗಿನಲ್ಲಿ ಹೂತ ಗಿಡಮರಗಳಿಂದ. ವಿದರ್ಭದ ಕಡೆ ಲಾವಾ ಕಲ್ಲಿನ ಅಡಿಯಲ್ಲಿ ಅದು ಸಿಕ್ಕಿದ್ದೂ ಉಂಟು. ಪುಣೆಯಲ್ಲಿ ಆ ಲಾವಾ ಎಷ್ಟು ದಪ್ಪವೆಂದರೆ, ಇನ್ನೂರು ಅಡಿಗೆ ಅದರ ಸಿಪ್ಪೆಯೂ ಸುಲಿಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವಳು ನಾನು. ಆದರೂ ಗಾಡಿ ನಿಲ್ಲಿಸಿದೆ. ಅಪ್ಪ ಓಣಿಯವರನ್ನೆಲ್ಲ ಕರೆದು, “ನಮ್ಮ ಹುಡುಗಿ ಕಲ್ಲಿದ್ದಲು ಹುಡುಕ್ಯಾಳ್ರಿ” ಎಂದರು. ಅವರು ನನ್ನ ಓದನ್ನು ಹೊಗಳಿದ್ದು ಅದೇ ಮೊದಲು. ಗಾಡಿಯವರು ಕಾದು ಕಾದು, ಇಂದಾಪುರದಲ್ಲಿ ಬೇರೆ ಕೆಲಸವಿದೆಯೆಂದು ಹೊರಟುಹೋದರು.

ಆಗ ಅವ್ವ ಅಡುಗೆಮನೆಯಿಂದ ಬಂದು ತುಂಡು ಮೂಸಿ ನೋಡಿದಳು. “ಇದು ನನ್ನ ಧೂಪದ ಇದ್ದಿಲಲ್ಲೇನ? ಧೂಪದ ಬೂದಿ ತುಳಿಯೋ ಜಾಗದಾಗ ಚೆಲ್ಲಬಾರದು. ಯಾರೂ ತುಳೀಬಾರದ ಜಾಗ ಅಂದ್ರ ನಿನ್ನ ದಾರದೊಳಗಿಂದಽ ಇತ್ತು, ಅಲ್ಲೇ ಚೆಲ್ಲೀನಿ.”

ಓಣಿಯವರು ನಕ್ಕರು. ಅಪ್ಪ ಚಪ್ಪಲಿ ಹುಡುಕುವವರಂತೆ ಬಗ್ಗಿದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಗಾಡಿ ಮತ್ತೆ ಬರಲು ಹದಿನೈದು ದಿನ ಬೇಕಾಯಿತು. ಅಷ್ಟು ದಿನವೂ ಟ್ಯಾಂಕರಿನ ಸಾಲಿನಲ್ಲಿ ಅವ್ವನೇ ನಿಂತಳು. ನಾನು ಹೋಗುತ್ತೇನೆಂದರೆ “ನಿನಗ ಕೊಡ ಹೊರೂದು ಬರೂದಿಲ್ಲ” ಎಂದಳು. ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಕೊರೆದಾಗ, ನಾನು ನಿಲ್ಲಿಸಿದ್ದ ಜಾಗದಿಂದ ಇಪ್ಪತ್ತೇ ಅಡಿ ಕೆಳಗೆ ನೀರು ಬಂತು. ಅವ್ವ ಮೊದಲ ಕೊಡ ತುಂಬಿ ನನ್ನ ಸೊಂಟಕ್ಕೆ ಇಟ್ಟಳು.

“ಈಗ ಹೊರು. ದೂರ ಏನಿಲ್ಲ.”