ಖಾಲಿ ಮನೆ ನೋಡುತ್ತಿದ್ದ ಅಜ್ಜಿ

ನಮ್ಮಜ್ಜಿಯ ಬಲ ಅಂಗೈ ಎಡ ಅಂಗೈಗಿಂತ ನುಣುಪಾಗಿತ್ತು. ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಉಗುರಿನ ಸಂದಿಯಲ್ಲಿ ಗೋಡೆಯ ಬಣ್ಣದ ಪುಡಿ ಯಾವಾಗಲೂ ಒಂಚೂರು ಕೂತಿರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದಾಗ ಅವಳು ಕೆನ್ನೆ ಸವರಿದರೂ ಅದು ಯಾವ ಕೈ ಎಂದು ಹೇಳಬಲ್ಲವಳಾಗಿದ್ದೆ. ದೃಷ್ಟಿ ಹೋದ ಮೇಲೆ ಅವಳು ಮನೆಯೊಳಗೆ ಓಡಾಡಿದ್ದೆಲ್ಲ ಆ ಬಲಗೈಯನ್ನು ಗೋಡೆಗೆ ಆನಿಸಿಯೇ. ಅಪ್ಪ ಕೋಲು ತಂದುಕೊಟ್ಟಿದ್ದ. "ಕೋಲು ಬೀದಿಗೆ, ಕೈ ಮನಿಗೆ" ಎಂದು ಅದನ್ನು ಬಾಗಿಲ ಹಿಂದೆ ನಿಲ್ಲಿಸಿಬಿಟ್ಟಿದ್ದಳು.

ಅಪ್ಪನದು ವಿಮಾ ಕಂಪನಿಯ ಕೆಲಸ. ಧಾರವಾಡ ಬಿಟ್ಟು ಅಹಮದಾಬಾದಿಗೆ ಬಂದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲವಾದ್ದರಿಂದ ಅಜ್ಜಿಯೂ ನಮ್ಮ ಜೊತೆಗೇ ಬಂದಳು. ಆಗ ಅವಳಿಗೆ ಬೆಳಕು ನೆರಳು ಗೊತ್ತಾಗುತ್ತಿತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುವ ಕಾಯಿಲೆ ಅದು, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ವಡೋದರಾಕ್ಕೆ ವರ್ಗವಾಗುವ ಹೊತ್ತಿಗೆ ಉಳಿದಿದ್ದ ಬೆಳಕೂ ಹೋಯಿತು. ಅಜ್ಜಿ ಅದಕ್ಕಾಗಿ ಅತ್ತದ್ದನ್ನು ನಾನು ನೋಡಿಲ್ಲ. ವರ್ಗದ ಆದೇಶ ಬಂದಾಗ ಮಾತ್ರ ಗೊಣಗಿದಳು: "ಈಗ ತಾನೇ ಈ ಮನಿ ಬಾಯಿಪಾಠ ಆಗಿತ್ತು."

ಪ್ರತಿ ಸಲ ವರ್ಗವಾದಾಗಲೂ ಬೆಳಗಾವಿಯಿಂದ ಅತ್ತೆಯ, ಅಂದರೆ ಅಪ್ಪನ ಅಕ್ಕನ, ಫೋನು ಬರುತ್ತಿತ್ತು. "ಅವ್ವನ್ನ ಎಷ್ಟು ಊರು ಹೊತ್ಕೊಂಡು ತಿರಗ್ತೀಯೋ? ಇಲ್ಲೆ ತಂದು ಬಿಡು." ಅತ್ತೆ ತುಂಬ ಒಳ್ಳೆಯವರು, ಅಜ್ಜಿಗೆ ಅದೇ ತೊಂದರೆ. ಅವರ ಮನೆಯಲ್ಲಿ ನೀರಿನ ತಂಬಿಗೆಯನ್ನೂ ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ. ಹಾಗಾಗಿ ಅಜ್ಜಿ ತನಗೆ ತಾನೇ ಒಂದು ಕರಾರು ಹಾಕಿಕೊಂಡಿದ್ದಳು. ಅದನ್ನು ಊಟದ ಹೊತ್ತಿಗೆ ಎಲ್ಲರ ಎದುರು ಹೇಳಿಯೂ ಇದ್ದಳು.

"ನನ್ನ ಚಾ ನಾ ಮಾಡ್ಕೊಳ್ಳೂತನಕ ನಿಮ್ಮ ಹತ್ರ ಇರ್ತೀನಿ. ಕೂತಲ್ಲೆ ಚಾ ತರಿಸ್ಕೊಂಡು ಕುಡಿಯೂ ದಿನಾ ಬಂತಂದ್ರ ಬೆಳಗಾವಿ ಗಾಡಿ ಹತ್ತಸ್ರಿ."

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ, ತನ್ನ ತಾಯಿ ಆಡಿದಂತೆ ನಡೆಯುವವಳು ಎಂದು ಅವನಿಗೆ ಗೊತ್ತಿತ್ತು.

ಹೊಸ ಊರಿನಲ್ಲಿ ಮನೆ ಗೊತ್ತಾದ ಕೂಡಲೇ, ಸಾಮಾನು ಹೋಗುವ ಮೊದಲು, ಅಜ್ಜಿಗೆ ಅದನ್ನು ತೋರಿಸಬೇಕಿತ್ತು. ಹಾಗೆಂದೇ ಅವಳು ಹೇಳುತ್ತಿದ್ದಳು: "ಖಾಲಿ ಇದ್ದಾಗ ಒಮ್ಮೆ ತೋರಸ್ರಿ. ಸಾಮಾನು ಬಂತಂದ್ರ ಮನಿ ಮುಚ್ಚಿ ಹೋಗ್ತದ." ಒಂದು ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ರೈಲು ಹತ್ತುತ್ತಿದ್ದೆವು. ಬುತ್ತಿಯಲ್ಲಿ ಮೊಸರವಲಕ್ಕಿ, ಶೇಂಗಾ ಚಟ್ನಿ. ಬೇರೆಯವರು ಸೋಮನಾಥ, ದ್ವಾರಕೆ ಎಂದು ಹೋಗುತ್ತಿದ್ದರು, ನಮ್ಮ ಪ್ರವಾಸವೆಂದರೆ ಬೀಗ ಹಾಕಿದ ಬಾಡಿಗೆ ಮನೆಗೆ.

ಆ ರೈಲಿನಲ್ಲೇ ನನ್ನ ಕನ್ನಡದ ಶಾಲೆ. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಪಕ್ಕದಲ್ಲಿ ಅಜ್ಜಿ ಕೂತು, ಹೊರಗೆ ಏನಿದೆ ಹೇಳು ಎನ್ನುತ್ತಿದ್ದಳು. ನನಗೋ ಶಾಲೆಯ ಹಿಂದಿ, ಅಂಗಳದ ಗುಜರಾತಿ ನಾಲಿಗೆಯ ತುದಿಯಲ್ಲಿ. "ಹೊಲ ಇದೆ. ಛಂದ ಇದೆ" ಎಂದು ಪಾರಾಗಲು ನೋಡುತ್ತಿದ್ದೆ.

"ಛಂದ ಅಂತ ಹೇಳಬ್ಯಾಡ. ಏನದ ಅದನ್ನ ಹೇಳು. ಛಂದೋ ಅಲ್ಲೋ ನಾ ನೋಡ್ಕೋತೀನಿ."

ಆಗ ಹೇಳಲೇಬೇಕಾಗುತ್ತಿತ್ತು. ತಂಬಾಕಿನ ಹೊಲ, ಎಲೆ ಅಗಲ, ನಡುವೆ ಕೆಂಪು ಸೀರೆಯ ಹೆಂಗಸು, ಅವಳ ತಲೆಯ ಮೇಲೆ ಸ್ಟೀಲಿನ ಡಬ್ಬಿ. "ಡಬ್ಬಿಗೆ ಮುಚ್ಚಳ ಅದ?" ಎಂದು ಅಜ್ಜಿ ಕೇಳುವ ಹೊತ್ತಿಗೆ ಹೆಂಗಸು ಹಿಂದೆ ಹೋಗಿರುತ್ತಿದ್ದಳು, ಮುಂದಿನ ಸಲ ಅದನ್ನೂ ನೋಡಿಟ್ಟುಕೊಳ್ಳಬೇಕಿತ್ತು. ಸೇತುವೆಗಳನ್ನು ಮಾತ್ರ ನಾನು ಹೇಳುವ ಅಗತ್ಯವಿರಲಿಲ್ಲ. ಗಾಲಿಯ ಸದ್ದು ಬದಲಾದೊಡನೆ ಮಹಿಯೋ ನರ್ಮದೆಯೋ ಎಂದು ತಿಳಿದು ಕೈ ಮುಗಿಯುತ್ತಿದ್ದಳು.

ವಡೋದರಾದ ಗೋರ್ವಾದಲ್ಲಿ ಸಿಕ್ಕ ಮನೆಯನ್ನು ಅವಳು ಕಲಿತದ್ದು ನನಗೆ ಚೆನ್ನಾಗಿ ನೆನಪಿದೆ. ಬಾಗಿಲ ಒಳಗೆ ನಿಂತು ಮೊದಲು ಚಪ್ಪಾಳೆ ತಟ್ಟಿದಳು. ಹಾಲ್ ಎಷ್ಟು ದೊಡ್ಡದು ಎಂದು ಅದರಲ್ಲೇ ತಿಳಿಯುತ್ತಿತ್ತಂತೆ. ಆಮೇಲೆ ಬಲ ಅಂಗೈಯನ್ನು ಗೋಡೆಗೆ ಒತ್ತಿ ಹೊರಟಳು. ಹಾಲ್, ಅಡುಗೆಮನೆ, ಹಿಂದಿನ ಬಾಲ್ಕನಿ, ಮಲಗುವ ಕೋಣೆ, ಬಾತ್‌ರೂಮು, ಮತ್ತೆ ಬಾಗಿಲು. ಬಂದ ದಾರಿಯಲ್ಲಿ ಎಂದೂ ಹಿಂದಿರುಗುತ್ತಿರಲಿಲ್ಲ, ತಿರುಗಿದರೆ ದಿಕ್ಕು ತಪ್ಪುತ್ತದೆ. ಬೇಕಾದದ್ದು ಪಕ್ಕದಲ್ಲೇ ಹಿಂದೆ ಉಳಿದಿದ್ದರೂ ಇಡೀ ಮನೆಯನ್ನು ಸುತ್ತಿಯೇ ಅಲ್ಲಿಗೆ ಬರುತ್ತಿದ್ದಳು. ನಾವು ಯಾರೂ ಮಾತಾಡುವಂತಿರಲಿಲ್ಲ. ಕೆಲವು ಸುತ್ತುಗಳಾದ ಮೇಲೆ ಅಮ್ಮನಿಗೆ ಅಪ್ಪಣೆಗಳು ಶುರು: ಕಪಾಟು ಇಲ್ಲಿ ಬೇಡ, ನನ್ನ ದಾರಿ ಕಟ್ಟಾಗ್ತದ, ಚಪ್ಪಲಿ ಸ್ಟ್ಯಾಂಡು ಬಾಗಿಲ ಹೊರಗೆ, ನನ್ನ ಮಂಚ ಬಾಗಿಲ ಪಕ್ಕ.

"ನಮ್ಮ ಮನಿ ವಾಸ್ತು ಎಲ್ಲಾ ಅತ್ತ್ಯಾರ ಅಂಗೈಯಾಗ ಅದ" ಎಂದು ಅಮ್ಮ ಛೇಡಿಸುತ್ತಿದ್ದಳು. ಖಾಲಿ ಹಾಲಿನಲ್ಲಿ ಪೇಪರು ಹಾಸಿ ಉಣ್ಣುತ್ತಿದ್ದೆವು, ಟೈಲ್ಸಿನ ಮೇಲೆ ಒಂದು ನಿದ್ದೆ ತೆಗೆದು ಸಂಜೆಯ ಗಾಡಿಗೆ ವಾಪಸು. ಸಾಮಾನಿನ ಲಾರಿ ಬರುವ ದಿನ ಆ ಮನೆ ನಮಗೆ ಹೊಸದಾಗಿರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಜ್ಜಿ ತನ್ನ ಚಹಾ ತಾನೇ ಮಾಡಿಕೊಂಡಿರುತ್ತಿದ್ದಳು.

ಮೊಣಕಾಲಿಗೆಂದು ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವ ಅಭ್ಯಾಸ ಅವಳಿಗೆ. ಆ ಕೈಯಲ್ಲೇ ಗೋಡೆ ಹಿಡಿದು ಹಿಡಿದು ಗೋರ್ವಾದ ಮನೆಯ ಸುತ್ತ ಒಂದು ಕಪ್ಪು ಪಟ್ಟೆ ಬಿತ್ತು. ಸೂರತ್ತಿಗೆ ಬಡ್ತಿಯ ಮೇಲೆ ವರ್ಗವಾದಾಗ ಅಮ್ಮ ಸೋಪಿನ ಪುಡಿ, ಬ್ರಷ್ಷು ಹಿಡಿದು ಆ ಪಟ್ಟೆಯನ್ನು ಉಜ್ಜಿ ಉಜ್ಜಿ ತೆಗೆದಳು. ಇನ್ನೊಬ್ಬರ ಮನೆಯನ್ನು ಹೇಗೆ ತೆಗೆದುಕೊಂಡೆವೋ ಹಾಗೇ ಕೊಡಬೇಕು ಎನ್ನುವುದು ಅವಳ ಹಟ. ಅಜ್ಜಿ ಮಂಚದ ಮೇಲೆ ಕೂತು ಬ್ರಷ್ಷಿನ ಸದ್ದು ಕೇಳುತ್ತ, "ನಾ ಬರದದ್ದೆಲ್ಲಾ ಅಳಸ್ತೀ ನೋಡು" ಎಂದಳು.

ಸೂರತ್ತಿನ ಮನೆ ತಾಪಿ ನದಿಯ ಆಚೆ ದಂಡೆಯಲ್ಲಿ, ಮೂರನೆಯ ಮಹಡಿ. ಮೆಟ್ಟಿಲ ಎರಡೂ ಬದಿಗೆ ಎದುರುಬದುರು ಬಾಗಿಲು. ಎಂದಿನಂತೆ ಒಂದು ಭಾನುವಾರ ಹೋಗಿ ಅಜ್ಜಿ ಆ ಖಾಲಿ ಮನೆಯನ್ನು ಸುತ್ತಿ ಕಲಿತು ಬಂದಳು. ಆ ವಾರವೇ ಮಾಲೀಕರ ಫೋನು ಬಂತು. ಆ ಮನೆಗೆ ತಮ್ಮ ಅಣ್ಣನ ಮಗ ಬರುತ್ತಿದ್ದಾನೆ, ನೀವು ಎದುರಿನದನ್ನು ತೆಗೆದುಕೊಳ್ಳಿ, ಎರಡೂ ಒಂದೇ ಎಂದರು. ಅಪ್ಪ ಒಪ್ಪಿದ. ಅದೇ ಅಳತೆ, ಅದೇ ಟೈಲ್ಸು, ಅದೇ ಬಾಡಿಗೆ. ಅಜ್ಜಿಯಿಂದ ಮುಚ್ಚಿಟ್ಟೆವೆಂದಲ್ಲ, ಹೇಳುವಂಥ ವಿಷಯ ಅದೆಂದು ಕಣ್ಣಿದ್ದ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಾಮಾನು ಬಂದ ದಿನ ಲಿಫ್ಟಿನಲ್ಲಿ ಕಪಾಟು ಸಿಕ್ಕಿಕೊಂಡಿತ್ತು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಮಾಲರಿಬ್ಬರು ಮೆಟ್ಟಿಲು ತಿರುಗಿ ತಿರುಗಿ ಹತ್ತಿ ಸೀದಾ ಹಾಲಿನಲ್ಲೇ ಇಳಿಸಿದರು. ಹೊಸ್ತಿಲನ್ನು ಅವಳು ತಾನಾಗಿ ದಾಟಲೇ ಇಲ್ಲ.

ಮರುದಿನ ಬೆಳಿಗ್ಗೆ ಚಹಾ ಮಾಡಲು ಎದ್ದವಳು ಬಾತ್‌ರೂಮಿನ ಬಾಗಿಲು ಮುಟ್ಟಿ ನಿಂತಳು. ಅದರ ಮರುದಿನ ಕಪಾಟಿನ ಅಂಚಿಗೆ ಹಣೆ ತಾಗಿ ಊದಿತು. "ಹೊಸಾ ಮನಿ, ರೂಢಿ ಆಗ್ತದ ಬಿಡ್ರಿ ಅತ್ತ್ಯಾರ" ಎಂದು ಅಮ್ಮ ಅರಿಶಿನ ಹಚ್ಚಿದಳು. ಅಜ್ಜಿ ಮತ್ತೆ ಎದ್ದಳು. ಗೋಡೆ ಹಿಡಿದು ಸ್ವಲ್ಪ ದೂರ ಹೋಗುವುದು, ನಿಲ್ಲುವುದು, ತಲೆ ಅಲ್ಲಾಡಿಸುವುದು. ಒಂದು ಬೆಳಿಗ್ಗೆ ಮಂಚದಿಂದ ಏಳದೆಯೇ ಅಮ್ಮನನ್ನು ಕರೆದು, "ಒಂದೀಟು ಚಾ ಕೊಡ್ತೀಯೇನವಾ?" ಎಂದಳು.

ಅಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

ಅಂದೇ ಅಜ್ಜಿ ಅಪ್ಪನಿಗೆ ಹೇಳಿದಳು, "ಬೆಳಗಾವಿಗೆ ಫೋನ್ ಹಚ್ಚು."

"ಯಾಕವ್ವಾ, ಏನಾತು?"

"ಕಣ್ಣು ಹೋದಾಗ ತಡಕೊಂಡೆ. ಈಗ ತಲಿನೂ ಹೊಂಟದ. ಕೈಯಾರೆ ಮುಟ್ಟಿ ನೋಡಿದ ಮನಿ ನೆನಪಾಗವಲ್ದು. ನಮ್ಮಕ್ಕಗೂ ಹಿಂಗs ಸುರು ಆಗಿತ್ತು."

ಅಜ್ಜಿಯ ಅಕ್ಕ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತನ್ನೂ ಮರೆತಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಬಡ್ತಿಯನ್ನು ಬೈದುಕೊಂಡ, ಸೂರತ್ತನ್ನು ಬೈದುಕೊಂಡ, ಊಟ ಬಿಟ್ಟು ಎದ್ದ. ಆದರೂ ಟಿಕೆಟ್ ತೆಗೆಸಿದ. ಕರಾರು ಅವಳದು, ಮುರಿಯುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಿರಬೇಕು.

ಹೊರಡುವ ಮುನ್ನಾದಿನ ಎದುರು ಮನೆಗೆ ಮಾಲೀಕರ ಅಣ್ಣನ ಮಗನ ಸಂಸಾರ ಬಂದಿಳಿದು ಸತ್ಯನಾರಾಯಣ ಪೂಜೆ ಇಟ್ಟುಕೊಂಡಿತು. ಆ ಮನೆಯ ಸೊಸೆ ಖುದ್ದಾಗಿ ಬಂದು, "ಬಾ ನೆ ಲಯಿನೆ ಆವ್ಜೊ" ಎಂದು, ಅಂದರೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ ಎಂದು, ಕರೆದುಹೋದಳು. ನಾವೆಲ್ಲ ಹೋದೆವು. ಅವರ ಸಾಮಾನು ಇನ್ನೂ ಬಂದಿರಲಿಲ್ಲ, ಹಾಲಿನ ನಡುವೆ ಜಮಖಾನೆಯ ಮೇಲೆ ಹೆಂಗಸರು ಕೂತಿದ್ದರು. ಅಮ್ಮ ಅಜ್ಜಿಯ ಚಪ್ಪಲಿ ಬಿಡಿಸಿ ಕೈ ಹಿಡಿಯಲು ಹೋದಳು. ಅಷ್ಟರಲ್ಲಿ ಅಜ್ಜಿ ಅಭ್ಯಾಸಬಲದಿಂದ ಬಲ ಅಂಗೈಯನ್ನು ಗೋಡೆಗೆ ಇಟ್ಟಾಗಿತ್ತು.

ಇಟ್ಟವಳು ನಿಲ್ಲಲಿಲ್ಲ. ಕೂತವರ ಬೆನ್ನ ಹಿಂದೆ ಗೋಡೆಗುಂಟ ನಡೆದಳು. ಮೂಲೆ ತಿರುಗಿದಳು. ಅಡುಗೆಮನೆಯ ಹೊಸ್ತಿಲು ದಾಟಿ, ಕಟ್ಟೆ ಸವರಿ, ಚಾಚಿದ ಕೈಯನ್ನು ನೇರವಾಗಿ ನಲ್ಲಿಯ ಮೇಲೆ ಇಟ್ಟು ತಿರುಗಿಸಿದಳು. ನೀರು ಬಂತು. ಅದರ ಕೆಳಗೆ ಕೈ ಹಿಡಿದು ನಿಂತಳು. ಶಿರಾ ಕಲಕುತ್ತಿದ್ದ ಸೊಸೆ ಗಾಬರಿಯಾಗಿ, "ಬಾ, ಶು ಜೊಯಿಯೆ? ಪಾಣಿ?" ಎಂದಳು, ಅಜ್ಜೀ ಏನು ಬೇಕು, ನೀರಾ ಎಂದು.

"ಇದು ನಮ್ಮ ಮನಿ" ಎಂದಳು ಅಜ್ಜಿ, ಕನ್ನಡದಲ್ಲಿ, ಗಟ್ಟಿಯಾಗಿ.

ಅಮ್ಮ ನಾಚಿಕೆಯಿಂದ ಕುಗ್ಗಿಹೋದಳು. ತಲೆ ಹೋಗಿದ್ದು ನಿಜ ಎಂದೇ ನಾನೂ ಅಂದುಕೊಂಡೆ. ಅಪ್ಪ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಒಳಗೆ, ಒಮ್ಮೆ ಮೆಟ್ಟಿಲಾಚೆಯ ನಮ್ಮ ಬಾಗಿಲ ಕಡೆ ನೋಡಿ, ಹಣೆ ಚಚ್ಚಿಕೊಂಡ.

"ಅವ್ವಾ, ನೀ ನೋಡಿದ ಮನಿ ಇದು. ಮಾಲಕರು ಬದಲಿ ಮಾಡಿದ್ರು. ನಾವಿರೂದು ಎದುರಿಂದು."

"ಎದುರಿಂದಂದ್ರ?"

"ಕನ್ನಡ್ಯಾಗ ಕಂಡಂಗ. ಇಲ್ಲೆ ಬಲಕ್ಕಿದ್ದದ್ದೆಲ್ಲಾ ಅಲ್ಲೆ ಎಡಕ್ಕ ಅದ."

ಅಜ್ಜಿ ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. "ಹಂಗಾರ ನನ್ನ ತಲಿ ನೆಟ್ಟಗದ?"

"ನೆಟ್ಟಗದ ಅವ್ವಾ."

"ನಿಂದs ನೆಟ್ಟಗಿಲ್ಲ" ಎಂದಳು. ಆಮೇಲೆ ಜಮಖಾನೆಯ ಮೇಲೆ ಕೂತು, ಎಲ್ಲರೂ ನೋಡುತ್ತಿದ್ದಂತೆ, ಪ್ರಸಾದದ ಶಿರಾವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಮ್ಮ ಮನೆಗೆ ಬಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಎಡ ಅಂಗೈಯನ್ನು ಎಡಗಡೆಯ ಗೋಡೆಗೆ ಇಟ್ಟಳು. ಹಾಲ್, ಮೂಲೆ, ಅಡುಗೆಮನೆ. ಎಲ್ಲವೂ ತನ್ನ ತನ್ನ ಜಾಗದಲ್ಲಿ ಅವಳಿಗೆ ಸಿಕ್ಕವು. ಪೂರ್ತಿ ಸುತ್ತು ಮುಗಿಸಿ ಬಂದು ಹೇಳಿದಳು, "ಇಷ್ಟು ವರ್ಷ ಉಲ್ಟಾ ಪ್ರದಕ್ಷಿಣಿ ಹಾಕೀನಿ. ಈಗ ಸರೀ ಆತು." ಅಂದು ಸಂಜೆ ನಮಗೆಲ್ಲ ಅವಳೇ ಚಹಾ ಮಾಡಿದಳು. ಅದು ಕುದ್ದು ಕುದ್ದು ಕಷಾಯವಾಗಿತ್ತು, ಎಲ್ಲರೂ ಲೋಟ ಖಾಲಿ ಮಾಡಿದೆವು. ಟಿಕೆಟ್ ರದ್ದಾಯಿತು.

ಸೂರತ್ತಿನಲ್ಲಿ ಅಜ್ಜಿ ಹಲವು ವರ್ಷ ಬಾಳಿದಳು. ಕೊನೆಯ ಜ್ವರ ಬರುವವರೆಗೂ ತನ್ನ ಚಹಾ ತಾನೇ ಮಾಡಿಕೊಂಡಳು. ಜ್ವರ ಎದೆಗೆ ಇಳಿಯಿತು, ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಕೈ ಜೋಡಿಸಿ ಕಟ್ಟುವಾಗ ನಾನು ಮುಟ್ಟಿ ನೋಡಿದೆ, ಎರಡು ಅಂಗೈಗಳೂ ಒಂದೇ ಥರ ನುಣುಪಾಗಿದ್ದವು.

ಈಗ ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನೌಕರಿಗಿದ್ದೇನೆ. ಬಾಡಿಗೆ ಮನೆ ನೋಡಲು ಹೋದಾಗ ಚಪ್ಪಾಳೆ ತಟ್ಟುತ್ತೇನೆ, ದಲ್ಲಾಳಿಗಳು ಅನುಮಾನದಿಂದ ನೋಡುತ್ತಾರೆ. ಗುಜರಾತಿನಲ್ಲೇ ಬೆಳೆದವಳು ಕನ್ನಡದಲ್ಲಿ ಹೇಗೆ ಬರೆಯುತ್ತೀ ಎಂದು ಕೇಳುವವರಿಗೆ ಕಿಟಕಿಯ ಪಕ್ಕದ ಆ ಸೀಟನ್ನು ತೋರಿಸಲಾಗುವುದಿಲ್ಲ. ನನ್ನಲ್ಲಿರುವ ಕನ್ನಡವೆಲ್ಲ ಅವಳಿಗೆ ಕಾಣದ್ದನ್ನು ಹೇಳಲು ಹೋಗಿ ಕಲಿತದ್ದು.

ಅಪ್ಪ ನಿವೃತ್ತನಾದ ಮೇಲೆ ಅವನೂ ಅಮ್ಮನೂ ನನ್ನ ಬಳಿಗೆ ಬರುವುದೆಂದಾಯಿತು. ಸೂರತ್ತಿನ ಮನೆ ಬಿಡುವ ದಿನ ಸಾಮಾನಿನ ಲಾರಿ ಹೋದ ಮೇಲೆ ಅಮ್ಮ ಎಂದಿನಂತೆ ಬಕೆಟ್ಟು, ಸೋಪಿನ ಪುಡಿ, ಬ್ರಷ್ಷು ತಂದಳು. ಬಾಗಿಲ ಪಕ್ಕದ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೂತೇ ಇದ್ದಳು.

ಛಂದ ಇತ್ತು ಎಂದು ಬರೆದರೆ ಅಜ್ಜಿ ಒಪ್ಪುವುದಿಲ್ಲ. ಅಲ್ಲಿ ಏನಿತ್ತು ಅದನ್ನು ಹೇಳುತ್ತೇನೆ. ನನ್ನ ಸೊಂಟಕ್ಕಿಂತ ತುಸು ಮೇಲೆ, ಅಂಗೈ ಅಗಲದ ಒಂದು ಎಣ್ಣೆಗಪ್ಪು ಪಟ್ಟೆ. ಬಾಗಿಲ ಎಡಗಡೆ ಶುರುವಾಗಿ ಹಾಲ್ ದಾಟಿ ಅಡುಗೆಮನೆಗೆ ಹೋಗಿತ್ತು. ಅಲ್ಲಿಂದ ಬಾಲ್ಕನಿ, ಮಲಗುವ ಕೋಣೆ. ಕಪಾಟು ಇದ್ದಲ್ಲಿ ಮಾತ್ರ ತುಂಡಾಗಿತ್ತು. ಬಾತ್‌ರೂಮಿನ ಹತ್ತಿರ ಸ್ವಲ್ಪ ತೆಳುವಾಗಿ, ಮನೆಯನ್ನೆಲ್ಲ ಸುತ್ತಿ ಬಂದು ಬಾಗಿಲ ಬಲಗಡೆ ಮುಗಿದಿತ್ತು.

ಅಮ್ಮ ಬ್ರಷ್ಷನ್ನು ಒದ್ದೆ ಮಾಡದೆಯೇ ಬಕೆಟ್ಟಿಗೆ ಹಾಕಿದಳು. "ಮಾಲಕರು ಹೆಂಗೂ ಬಣ್ಣ ಹಚ್ಚಸ್ತಾರ" ಎಂದಳು. ಮೊದಲ ಸಲ, ಗೋಡೆ ತೊಳೆಯದೆ ನಾವು ಮನೆಗೆ ಬೀಗ ಹಾಕಿದೆವು.