ಕಂಪ್ಯೂಟರ್ ಸರಿ ಇದ್ದ ದಿನ

ಒಲೆಯ ಮುಂದೆ ಕೂತ ಸುಷ್ಮಿತಾಳ ಕಿವಿ ಯಾವಾಗಲೂ ನಡುಮನೆಯ ಕಡೆಗೇ ಇರುತ್ತಿತ್ತು. ಅಲ್ಲಿಂದ ಗುಂಡಿನ ಸದ್ದು ಒಂದೇ ಸಮನೆ ಬರುತ್ತಿದ್ದರೆ ಅವಳು ನೆಮ್ಮದಿಯಿಂದ ರೊಟ್ಟಿ ತಟ್ಟುತ್ತಿದ್ದಳು. ಸದ್ದು ತುಂಡಾಯಿತೆಂದರೆ, ಒಂದೇ ಗುಂಡು ಗರಗರ ಎಂದು ಎಳೆದಂತೆ ಕೇಳಿಸಿ ನಿಂತಿತೆಂದರೆ, ಅವಳ ಬೆನ್ನು ತಾನಾಗಿ ಸೆಟೆದುಕೊಳ್ಳುತ್ತಿತ್ತು. ಗೇಮ್ ಸ್ಟಕ್ ಆಗಿದೆ. ಇನ್ನು ಅವನು ಎದ್ದು ಬರುತ್ತಾನೆ.

ಅವನು ಎಂದರೆ ಅವಳ ಗಂಡ ದುರುಗೇಶ್. ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದವನು. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕ್ರೇನ್ ಓಡಿಸುತ್ತಿದ್ದ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದವನು ಊಟದ ಕೈ ತೊಳೆದು ಕಂಪ್ಯೂಟರ್ ಮುಂದೆ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಕಾರ್ಖಾನೆಯ ನಾಲ್ಕಾರು ಗೆಳೆಯರು ತಮ್ಮ ತಮ್ಮ ಮನೆಯಿಂದಲೇ ಸೇರಿಕೊಂಡು ಯುದ್ಧದ ಆಟ ಆಡುತ್ತಿದ್ದರು. ಶತ್ರು ಎದುರಿಗೆ ಬಂದ ಹೊತ್ತಿಗೆ ಸರಿಯಾಗಿ ದುರುಗೇಶನ ಪರದೆ ಒಂದು ಕ್ಷಣ ಕಲ್ಲಾಗುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ಅವನು ಸತ್ತು ಬಿದ್ದಿರುತ್ತಿದ್ದ.

ಮೊದಲ ಸಲ ಅವನು ಸ್ಟೀಲ್ ಲೋಟ ಎಸೆದ. ಅದು ಅವಳ ಹುಬ್ಬು ಸೀಳಿತು. ಅವನೇ ಅರಿಶಿನ ಒತ್ತಿ, "ನಿನಗ ಬೀಳತೈತಿ ಅಂತ ಗೊತ್ತಿರ್ಲಿಲ್ಲಲೇ" ಎಂದು ಅತ್ತ. ಎರಡನೆಯ ಸಲ ಅಳಲಿಲ್ಲ. ಚಾರ್ಜರಿನ ವೈರನ್ನು ಮಡಚಿ ಹೊಡೆದ. ಆಮೇಲಾಮೇಲೆ ವೈರು, ಬೆಲ್ಟು, ಕೈ, ಯಾವುದು ಹತ್ತಿರ ಸಿಕ್ಕರೆ ಅದು. ಇಂಟರ್‌ನೆಟ್ ಕೇಬಲ್ ಹಾಕುವ ಮನೋಹರ್ ಒಮ್ಮೆ, "ನಮ್ಮ ಲೈನ್ ಸರಿ ಐತಿ, ನಿಮ್ಮ ಕಂಪ್ಯೂಟರೇ ಸರಿ ಇಲ್ಲ" ಎಂದದ್ದಕ್ಕೆ ಅವನನ್ನು ಕಾಲರ್ ಹಿಡಿದು ಬಾಗಿಲ ಚೌಕಟ್ಟಿಗೆ ಗುದ್ದಿದ. ಮನೋಹರನ ಮೂಗಿನಿಂದ ಸುರಿದ ರಕ್ತವನ್ನು ಹೊಸಿಲಿನಿಂದ ತಿಕ್ಕಿ ತೊಳೆದವಳು ಸುಷ್ಮಿತಾ.

ಅತ್ತೆ ಭರಮಮ್ಮ ಎಲ್ಲವನ್ನೂ ಕಾಣುತ್ತಿದ್ದಳು. ಅವಳ ಮಾತು ಮಾತ್ರ ಒಂದೇ. "ಅವ ಭಾಳ ಒಳ್ಳೇವ ಯವ್ವಾ. ಆ ಡಬ್ಬಿ ಅವನ್ನ ಕೆಡಿಸೈತಿ. ಅದು ನೆಟ್ಟಗ ನಡದ್ರ ಅವ ಯಾಕ ಕೈ ಎತ್ತತಾನ?"

ಸುಷ್ಮಿತಾ ಈ ಮಾತನ್ನು ನಂಬಿದಳು. ನಂಬದೆ ಬೇರೆ ದಾರಿ ಕಾಣಲಿಲ್ಲ. ಕಡ್ಡಿರಾಂಪುರದಲ್ಲಿ ತಾಯಿ ರೇಣುಕಮ್ಮ ಹಂಪಿಯ ರಸ್ತೆ ಬದಿಗೆ ಮಿರ್ಚಿ ಮಂಡಕ್ಕಿಯ ಅಂಗಡಿ ಇಟ್ಟುಕೊಂಡು ಒಬ್ಬಳೇ ದುಡಿದು ಮಗಳನ್ನು ಬಿ.ಕಾಂ. ಓದಿಸಿದ್ದಳು. ಆಕೆಗೆ ಈ ಸುದ್ದಿ ಮುಟ್ಟಿಸಲು ಮನಸ್ಸಿರಲಿಲ್ಲ. ಡಬ್ಬಿಯೇ ಕಾರಣವಾದರೆ ಡಬ್ಬಿಯನ್ನು ಸರಿ ಮಾಡಿದರಾಯಿತು ಎಂದುಕೊಂಡಳು.

ಗಂಡ ಪಾಳಿಗೆ ಹೋದ ಬೆಳಿಗ್ಗೆ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊಸಪೇಟೆಗೆ ಹೋದಳು. ಬಸ್ ನಿಲ್ದಾಣದ ಹಿಂದೆ ಪಂಪೇಶ್ ಎಂಬಾತನ ಕಂಪ್ಯೂಟರ್ ರಿಪೇರಿ ಅಂಗಡಿ. ಅವನು ಪಕ್ಕದ ತಗಡು ಬಿಚ್ಚಿದ್ದೇ ಹುಬ್ಬೇರಿಸಿದ. ಒಳಗಿನ ಫ್ಯಾನು, ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳು ಎಲ್ಲವೂ ಕೆಂಪು ಧೂಳಿನಲ್ಲಿ ಹೂತು ಹೋಗಿದ್ದವು.

"ಇದೇನ್ರೀ ಅಕ್ಕಾರ, ಕಂಪ್ಯೂಟರೋ ಮೈನ್ಸೋ?"

"ಮನಿ ಮುಂದ ಅದಿರಿನ ಲಾರಿ ಓಡಾಡ್ತಾವ್ರಿ."

ಪ್ರೊಸೆಸರ್ ಕಾದು ಕೆಂಡವಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಆಗ ಆಟ ಸಿಕ್ಕಿಕೊಳ್ಳುತ್ತದೆ ಎಂದು ಪಂಪೇಶ್ ವಿವರಿಸಿದ. ಬ್ಲೋವರ್ ಹಿಡಿದು ಧೂಳು ಹಾರಿಸಿದ. ಪ್ರೊಸೆಸರಿನ ಶಾಖವನ್ನು ಹೊರಗೆ ಸಾಗಿಸಬೇಕಾದ, ಒಣಗಿ ಸುಣ್ಣದಂತಾಗಿದ್ದ ಹಳೆಯ ಪೇಸ್ಟ್ ಕೆರೆದು ಹೊಸದು ಹಚ್ಚಿದ. ಸುಷ್ಮಿತಾ ಅವನ ಕೈಯನ್ನೇ ನೋಡುತ್ತಿದ್ದವಳು, "ಅಣ್ಣಾ, ಇದನ್ನ ಬಿಚ್ಚೋದು ನನಗೂ ಕಲಿಸ್ರಿ. ಪ್ರತಿ ಸಲ ಹೊತ್ಕೊಂಡು ಬರಾಕ ಆಗಂಗಿಲ್ಲ" ಎಂದಳು. ಪಂಪೇಶನ ಕಣ್ಣು ಅವಳ ಕುತ್ತಿಗೆಯ ಮೇಲಿನ ಬಾಸುಂಡೆಗೆ ಹೋಯಿತು. ಅವನು ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟ.

ಒಂದೆರಡು ವಾರ ಮನೆಯಲ್ಲಿ ಹೊಡೆತವಿರಲಿಲ್ಲ. ದುರುಗೇಶ್ ಒಂದು ಸಂಜೆ ಅವಳಿಗೆ ಮಲ್ಲಿಗೆಯನ್ನೂ ತಂದ. ಭರಮಮ್ಮ ಕಣ್ಣಿಂದಲೇ 'ನಾನು ಹೇಳಿರಲಿಲ್ಲವೆ' ಎಂದಳು. ಆಮೇಲೆ ಆಟದಲ್ಲಿ ಯಾವುದೋ ಹೊಸ ಊರು ತೆರೆದುಕೊಂಡಿತು. ಅಲ್ಲಿ ಪ್ರತಿ ತಿರುವಿನಲ್ಲೂ ಪರದೆ ನಿಂತು ನಿಂತು ಓಡತೊಡಗಿತು. ಅಂದು ಅವಳ ತಲೆಯನ್ನು ಅವನು ಗೋಡೆಗೆ ಹಾಯಿಸಿದ ಸದ್ದು ಪಕ್ಕದ ಮನೆಯ ಹೇಮಾವತಿಗೂ ಕೇಳಿತು.

ತಲೆಗೆ ಬಟ್ಟೆ ಕಟ್ಟಿಕೊಂಡೇ ಅವಳು ಪಂಪೇಶನಿಗೆ ಫೋನ್ ಮಾಡಿದಳು. ಹಳೆಯ ಹಾರ್ಡ್ ಡಿಸ್ಕ್ ಹೊಸ ಊರಿನ ಚಿತ್ರಗಳನ್ನು ಬೇಗ ಬೇಗ ಒದಗಿಸಲಾರದೆ ಏದುಸಿರು ಬಿಡುತ್ತಿದೆ ಎಂದು ಗೊತ್ತಾಯಿತು. ಅದನ್ನು ತೆಗೆದು, ಕೂಡಿಟ್ಟ ಹಣದಲ್ಲಿ ತಂದ ಹೆಚ್ಚು ವೇಗದ ಎಸ್‌ಎಸ್‌ಡಿ ಕೂರಿಸಿದಳು. ಒಂಟಿಯಾಗಿದ್ದ ರ‍್ಯಾಮ್‌ಗೆ ಜೊತೆಯಾಗಿ ಇನ್ನೊಂದನ್ನು ತಂದು ಹಾಕಿದಳು. ಆಟದ ನಡುವೆ ಹಿಂದಿನಿಂದ ಕದ್ದು ಓಡುವ ಅಪ್‌ಡೇಟ್‌ಗಳನ್ನು ಬೆಳಗಿನ ಹೊತ್ತಿಗೆ ತಳ್ಳಿದಳು. ಕಡೆಗೆ ಉಳಿದದ್ದು ಒಂದೇ ತೊಂದರೆ. ಬಯಲಿನಲ್ಲಿ ಆಟ ಹಾರುತ್ತಿತ್ತು, ಹೊಗೆ ಬೆಂಕಿ ಕಂಡಲ್ಲಿ ದಡಕ್ಕನೆ ಕುಸಿಯುತ್ತಿತ್ತು. ಆ ಏರಿಳಿತವೇ ಕಣ್ಣಿಗೆ ಜರ್ಕ್ ಹೊಡೆದಂತೆ ಕಾಣುವುದು ಎಂದು ಪಂಪೇಶ್ ಹೇಳಿದ. "ಸೆಟ್ಟಿಂಗ್ಸ್‌ನಾಗ ಮೇಲಿನ ವೇಗಕ್ಕ ಒಂದು ಮಿತಿ ಹಾಕ್ರಿ. ನೆರಳು, ಹೊಗಿ ಕಡಿಮಿ ಮಾಡ್ರಿ. ಒಂದ ಹದಕ್ಕ ನಡೀತೈತಿ."

ಬೆಳಿಗ್ಗೆ ಅವಳೇ ಕೂತು ಆಡಿ ನೋಡಿದಳು. ಕೈಯಲ್ಲಿ ಬಂದೂಕು ಹಿಡಿದು ಸುಡುವ ಬೀದಿಗಳಲ್ಲಿ ಓಡಿದಳು. ಎದುರಿಗೆ ಬಂದವರನ್ನು ಕೊಂದಳು, ಕೊಲ್ಲಿಸಿಕೊಂಡಳು. ಎಲ್ಲೂ ಒಂದು ತಡೆ ಇಲ್ಲ. ಮುಗಿಯಿತು, ಇನ್ನು ನನ್ನನ್ನು ಯಾರೂ ಹೊಡೆಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಅದೇ ಮಧ್ಯಾಹ್ನ ದುರುಗೇಶನ ತಂಡಕ್ಕೆ ಬೇರೆ ವಿಭಾಗದವರ ಜೊತೆ ದೊಡ್ಡ ಪಂದ್ಯವಿತ್ತು. ಭರಮಮ್ಮ ನಡುಮನೆಯ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಟ ಚೆನ್ನಾಗಿಯೇ ನಡೆಯಿತು. ಕೊನೆಯ ಸುತ್ತಿನಲ್ಲಿ ದುರುಗೇಶ್ ಒಬ್ಬನೇ ಉಳಿದ. ಹಿಂದಿನ ಕಿಟಕಿಯನ್ನು ನೋಡುವುದು ಮರೆತ. ಅಲ್ಲಿಂದಲೇ ಗುಂಡು ಬಂತು.

ಸ್ಪೀಕರಿನಲ್ಲಿ ಯಾರೋ ನಕ್ಕರು. "ದುರುಗ್ಯಾ, ಇವತ್ತೇನಲೇ ನೆಪ? ಕಂಪ್ಯೂಟರ್ ಮಸ್ತ್ ಆಗೈತಿ ಅಂತ ನೀನ ಹೇಳಿದ್ದಿ."

ಅವನು ಸ್ಪೀಕರಿನ ಸ್ವಿಚ್ ಆರಿಸಿದ. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದ.

"ಇಲ್ಲಿ ಬಾ. ಏನ್ ಮಾಡಿದಿ ಇದಕ್ಕ?"

"ಏನೂ ಆಗಿಲ್ರೀ. ಒಂದ್ ಸಲನೂ ನಿಂತಿಲ್ಲ, ನೀವ ನೋಡಿದ್ರಲ್ಲ."

"ಅಂದ್ರ ನನಗ ಆಡಾಕ ಬರಂಗಿಲ್ಲ ಅಂತೀಯೇನು?"

ಅವನು ಅವಳ ಎಡಗೈಯನ್ನು ಎಳೆದು ಮೇಜಿಗೆ ಒತ್ತಿ ಹಿಡಿದ. "ಇದ ಕೈಯಿಂದ ಅಲ್ಲೇನು ರಿಪೇರಿ ಮಾಡೋದು?" ಎಂದವನೇ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯನ್ನು ಓರೆಯಾಗಿ ಎತ್ತಿ, ಅದರ ಅಂಚನ್ನು ಅವಳ ಬೆರಳುಗಳ ಮೇಲೆ ಕುಕ್ಕಿದ. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಅವನು ಮತ್ತೆ ಕುಕ್ಕಿದ. ಅವಳು ಚೀರಿದಾಗ ಹೆಡ್‌ಫೋನಿನ ವೈರನ್ನು ಕುತ್ತಿಗೆಗೆ ಸುತ್ತಿ ಬಿಗಿದ.

ಸುಷ್ಮಿತಾಳ ಕಣ್ಣು ಕತ್ತಲಿಟ್ಟಿತು. ಬಲಗೈ ಮೇಜಿನ ಮೇಲೆ ತಡಕಾಡಿ, ರಿಪೇರಿಗೆಂದು ಅಲ್ಲೇ ಇಟ್ಟಿದ್ದ ಸ್ಕ್ರೂಡ್ರೈವರಿಗೆ ತಾಗಿತು. ಹಿಂದಕ್ಕೆ ಬೀಸಿ ಅವನ ತೊಡೆಗೆ ಇರಿದಳು. ಅದು ಹಿಡಿಕೆಯವರೆಗೂ ಇಳಿಯಿತು. ಅವನು ಅರಚಿ ಕುಸಿದ, ವೈರು ಸಡಿಲವಾಯಿತು. ಆದರೂ ಒಂದು ಕೈಯಲ್ಲಿ ಅವಳ ಕಾಲು ಹಿಡಿದು ಎಳೆಯುತ್ತಿದ್ದ. ಆಗ ಭರಮಮ್ಮ ಎದ್ದಳು. ಜೋಳದ ಮೊರ ಮಗನ ಮುಖಕ್ಕೆ ಬೀಸಿ ಹೊಡೆದಳು. ಬಾಗಿಲ ಚಿಲಕ ತೆಗೆದು, "ಓಡು ಯವ್ವಾ, ಜಲ್ದಿ ಓಡು" ಎಂದಳು.

ಹೇಮಾವತಿ ಆಟೋ ಹತ್ತಿಸಿ ಸಂಡೂರಿನ ಆಸ್ಪತ್ರೆಗೆ ಕರೆದೊಯ್ದಳು. ದುರುಗೇಶನನ್ನೂ ಅಲ್ಲಿಗೇ ತಂದರು. ತೊಡೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ಅವನು ಪೊಲೀಸರಿಗೆ ದೂರು ಕೊಟ್ಟ. "ಕಂಪ್ಯೂಟರ್ ಪದೇ ಪದೇ ಕೆಡ್ತಿತ್ರಿ, ಸಿಟ್ಟಿನಾಗ ಒಂದೇಟು ಹೊಡದೆ. ಅಷ್ಟಕ್ಕ ಚುಚ್ಚಿ ಕೊಲ್ಲಾಕ ಬಂದ್ಲು." ವಿಚಾರಣೆಗೆ ಬಂದ ಎಎಸ್‌ಐ ಹಾಲಸ್ವಾಮಿ ಸುಷ್ಮಿತಾಳ ಕಡೆ ಅನುಮಾನದಿಂದ ನೋಡಿದರು. ಬಾಯಿಮಾತಿಗೆ ಎದುರು ಬಾಯಿಮಾತು. ಮನೆಯೊಳಗೆ ಇದ್ದದ್ದು ಇನ್ನೊಬ್ಬಳೇ.

ಭರಮಮ್ಮನನ್ನು ಕರೆದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ಮಗ ಕಂಪ್ಯೂಟರ್ ಕೆಟ್ಟಿತ್ತು ಅಂತಾನಲ್ಲಮ್ಮಾ?"

"ಇಲ್ರೀ ಸಾಹೇಬ್ರ. ಇವತ್ತು ಅದು ಸರಿ ಇತ್ತು. ನಾ ಅಲ್ಲೇ ಕುಂತಿದ್ದೆ. ಒಮ್ಮಿನೂ ನಿಂತಿಲ್ಲ. ನಾನೂ ಇಷ್ಟ್ ದಿವಸ ಅದರ ಮ್ಯಾಲ ಹಾಕಿ ಕಣ್ ಮುಚ್ಚಿದ್ದೆ. ಇವತ್ತು ಏನೂ ಇಲ್ದ ಕೊಲ್ಲಾಕ ಹೋದ. ಆಕಿ ಚುಚ್ಚದಿದ್ರ ನನ್ನ ಕಣ್ ಮುಂದ ಸಾಯ್ತಿದ್ಲು. ಬರಕೋರಿ."

ಹಾಲಸ್ವಾಮಿ ಬರೆದುಕೊಂಡು ದುರುಗೇಶನ ಮೇಲೇ ಕೊಲೆ ಯತ್ನದ ಕೇಸು ಹಾಕಿದರು. ದುರುಗೇಶ್ ಮಂಚದ ಮೇಲಿಂದಲೇ ತಾಯಿಗೆ ಬಾಯಿಗೆ ಬಂದಂತೆ ಬೈದ. ಅವಳು ಸೊಸೆಯ ಹಾಸಿಗೆಯ ಪಕ್ಕ ಹೋಗಿ ಕೂತಳು. ಆ ಸಂಜೆ ರೇಣುಕಮ್ಮ ಬಂದಾಗ ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಗೋಡೆ ನೋಡುತ್ತಿದ್ದರು.

ಬೆರಳುಗಳು ಕೂಡಿಕೊಂಡವು, ಆದರೆ ಎರಡು ಪೂರ್ತಿ ಮಡಚುವುದಿಲ್ಲ. ಸುಷ್ಮಿತಾ ಕಡ್ಡಿರಾಂಪುರಕ್ಕೆ ಮರಳಿದಳು. ಭರಮಮ್ಮ ಕಂಪ್ಲಿಯಲ್ಲಿರುವ ಮಗಳ ಮನೆ ಸೇರಿದಳು. ದುರುಗೇಶ್ ಜಾಮೀನಿನ ಮೇಲೆ ಹೊರಗೆ ಬಂದ.

ಸಂಡೂರಿನ ನ್ಯಾಯಾಲಯದಲ್ಲಿ ಸುಷ್ಮಿತಾ ಹೇಳಿಕೆ ಕೊಡಬೇಕಿದ್ದ ದಿನ ಅವನು ವರಾಂಡದಲ್ಲಿ ಅವಳ ಹತ್ತಿರ ಬಂದ. ಕುಂಟುತ್ತಿದ್ದ, ಮುಖ ಇಳಿದಿತ್ತು. ಮೆಲ್ಲಗೆ, ಮೊದಲಿನ ದಿನಗಳ ದನಿಯಲ್ಲಿ ಮಾತಾಡಿದ.

"ಸುಷ್ಮೀ, ಕಂಪ್ಯೂಟರ್ ಮಾರಿಬಿಟ್ಟೀನಿ. ಇನ್ನ ಅದರ ಸುದ್ದೀನ ಬ್ಯಾಡ. ಕೇಸ್ ವಾಪಸ್ ತಗೊಂಡು ಮನಿಗೆ ಬಾ."

"ಕಂಪ್ಯೂಟರ್ ಏನ್ ಮಾಡಿತ್ರೀ?" ಎಂದಳು ಅವಳು.

ಅವನ ಕೈ ಮೇಲೆದ್ದಿತು. ಅಷ್ಟು ಜನರ ನಡುವೆ ಅವಳ ಕೆನ್ನೆಗೆ ಬಾರಿಸಿ, ಕೂದಲು ಹಿಡಿದು ಕಂಬಕ್ಕೆ ತಳ್ಳಿದ. ಇಬ್ಬರು ಪೇದೆಗಳು ಅವನನ್ನು ನೆಲಕ್ಕೆ ಒತ್ತಿ ಹಿಡಿಯಬೇಕಾಯಿತು. ಒಳಗೆ ನ್ಯಾಯಾಧೀಶರಿಗೆ ವಿಷಯ ತಿಳಿದು ಅವನ ಜಾಮೀನು ರದ್ದಾಯಿತು. ಒಡೆದ ತುಟಿಯಲ್ಲೇ ಸುಷ್ಮಿತಾ ಕಟಕಟೆ ಹತ್ತಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಎಲ್ಲೂ ದನಿ ನಡುಗಲಿಲ್ಲ.

ಈಗ ಅವಳು ಹೊಸಪೇಟೆಯಲ್ಲಿ ಪಂಪೇಶನ ಅಂಗಡಿಯಲ್ಲೇ ಕೆಲಸಕ್ಕಿದ್ದಾಳೆ. ಆಟ ಆಡುವವರು ಹುಡುಕಿಕೊಂಡು ಅವಳಲ್ಲಿಗೆ ಬರುತ್ತಾರೆ. ಸಣ್ಣ ಸ್ಕ್ರೂಗಳನ್ನು ಎಡಗೈಯಲ್ಲಿ ಹಿಡಿಯಲು ಆಗದ್ದರಿಂದ ಅಂಗೈ ಮೇಲಿಟ್ಟುಕೊಂಡು ಒಂದೊಂದನ್ನೇ ತಿರುಗಿಸುತ್ತಾಳೆ. ಕೆಲಸ ತುಸು ನಿಧಾನ. ಯಾರಾದರೂ ಅವಸರ ಮಾಡಿ ದನಿ ಏರಿಸಿದರೆ, ತಲೆ ಎತ್ತದೆ, "ಕುಂದ್ರಿ" ಎಂದಷ್ಟೇ ಹೇಳುತ್ತಾಳೆ.